ಹೊರಗಿನವರ ತಂತ್ರಾಂಶ, ನಮ್ಮ ಯಂತ್ರ



ನಿಮ್ಮ ಶಾಲೆಯ ಅಥವಾ ಕಾಲೇಜಿನ ಗಣಕ ಪ್ರಯೋಗಾಲಯದಲ್ಲಿ ಡೆಬಿಯನ್ ಇಲ್ಲವೆ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆ ಇರುವ ಯಂತ್ರವಿದ್ದರೆ, ಅದರ ಉಸ್ತುವಾರಿ ನೋಡಿಕೊಳ್ಳುವವರ ಅನುಮತಿ ಪಡೆದು ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. 'ಆಪ್ಟ್ ಇನ್‌ಸ್ಟಾಲ್ ಫಾಂಟ್ಸ್-ಗುಬ್ಬಿ' ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿ. ಪರದೆಯ ಮೇಲೆ ಕೆಲವು ಸಾಲುಗಳು ಸರಿದುಹೋಗುತ್ತವೆ. ಸ್ವಲ್ಪ ಹೊತ್ತಿನಲ್ಲಿಯೇ 'ಗುಬ್ಬಿ' ಎಂಬ ಕನ್ನಡ ಅಕ್ಷರಶೈಲಿ ನಿಮ್ಮ ಯಂತ್ರದಲ್ಲಿ ಬಂದು ಕುಳಿತಿರುತ್ತದೆ. ಬೇಡವೆನಿಸಿದರೆ 'ಇನ್‌ಸ್ಟಾಲ್' ಎಂಬ ಪದದ ಜಾಗದಲ್ಲಿ 'ರಿಮೂವ್' ಎಂದು ಬರೆದರೆ ಸಾಕು, ಬಂದ ಹಾಗೆಯೇ ಹೊರಟುಹೋಗುತ್ತದೆ.

ಇದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ಸ್ವಲ್ಪ ಯೋಚಿಸಿ. ಆ ಅಕ್ಷರಶೈಲಿಯನ್ನು ರೂಪಿಸಿದವರು ಒಬ್ಬರು. ಅದನ್ನು ಡೆಬಿಯನ್ನಿಗೆ ಹೊಂದುವಂತೆ ಕಟ್ಟಿ ಇಟ್ಟವರು ಮತ್ತೊಬ್ಬರು. ಅದನ್ನು ಕಾಪಾಡಿಕೊಂಡಿರುವ ಯಂತ್ರ ಇನ್ನೆಲ್ಲೋ ಇದೆ. ಇವರಲ್ಲಿ ಯಾರ ಮುಖವನ್ನೂ ನೀವು ನೋಡಿಲ್ಲ. ಆದರೂ ಅವರು ಕಳುಹಿಸಿದ ವಸ್ತುವನ್ನು ನಿಮ್ಮ ಯಂತ್ರದ ಒಳಮನೆಗೆ ಬಿಟ್ಟುಕೊಂಡಿರಿ. ಅದು ಎಲ್ಲೆಲ್ಲಿ ಏನೇನು ಇಟ್ಟಿತು, ಯಾವುದನ್ನು ಮುಟ್ಟಿತು, ತೆಗೆಯುವಾಗ ಎಲ್ಲವನ್ನೂ ತೆಗೆಯಿತೇ ಎಂಬ ಲೆಕ್ಕ ಬರೆದಿಟ್ಟವರು ಯಾರು? ಅದರಲ್ಲಿ ಕೇಡು ಇಲ್ಲವೆಂದು ಹೇಳಿದವರು ಯಾರು? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಯುನಿಕ್ಸ್ ಜಗತ್ತು ಸುಮಾರು ಐವತ್ತು ವರ್ಷ ಕಳೆದಿದೆ. ಮೊದಲನೆಯದಕ್ಕೆ ಉತ್ತರ ಸಿಕ್ಕಿದೆ ಎನ್ನಬಹುದು. ಎರಡನೆಯದು ಅಷ್ಟು ಸುಲಭವಲ್ಲ.

ಯುನಿಕ್ಸ್ ಹುಟ್ಟಿದ್ದು 1969ರಲ್ಲಿ, ಅಮೆರಿಕದ ಎಟಿ ಅಂಡ್ ಟಿ ದೂರವಾಣಿ ಕಂಪನಿಯ ಬೆಲ್ ಪ್ರಯೋಗಾಲಯದಲ್ಲಿ. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅದರ ಕರ್ತೃಗಳೆಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಅಷ್ಟಾಗಿ ಗೊತ್ತಿರದ ಸಂಗತಿ ಇನ್ನೊಂದಿದೆ. 1956ರಲ್ಲಿ ಅಮೆರಿಕ ಸರ್ಕಾರದೊಡನೆ ಮಾಡಿಕೊಂಡ ಒಪ್ಪಂದದ ಪ್ರಕಾರ ಈ ಕಂಪನಿ ದೂರವಾಣಿಯ ಹೊರತು ಬೇರೆ ವ್ಯಾಪಾರಕ್ಕೆ ಕೈಹಾಕುವಂತಿರಲಿಲ್ಲ. ಆದ್ದರಿಂದ ಯುನಿಕ್ಸನ್ನು ಸರಕಾಗಿ ಮಾರಲಾಗಲಿಲ್ಲ. ವಿಶ್ವವಿದ್ಯಾಲಯಗಳು ಕೇಳಿದಾಗ ಅಲ್ಪ ಶುಲ್ಕಕ್ಕೆ ಟೇಪಿನಲ್ಲಿ ತುಂಬಿ ಕೊಟ್ಟರು. ಜೊತೆಗೆ ಅದರ ಸೋರ್ಸ್ ಕೋಡನ್ನೂ ಕೊಟ್ಟರು. ಸೋರ್ಸ್ ಕೋಡ್ ಎಂದರೆ ಮನುಷ್ಯ ಓದಿ ತಿದ್ದಬಹುದಾದ ರೂಪದಲ್ಲಿರುವ ಪ್ರೋಗ್ರಾಮಿನ ಮೂಲಪಾಠ. ಆದರೆ ತೊಂದರೆ ಬಂದರೆ ಕಂಪನಿಯನ್ನು ಕೇಳುವಂತಿರಲಿಲ್ಲ. ಪಡೆದವರು ತಮ್ಮತಮ್ಮಲ್ಲೇ ಒಬ್ಬರನ್ನೊಬ್ಬರು ಕೇಳಿಕೊಳ್ಳಬೇಕಾಯಿತು. ಹೊರಗಿನವರು ಬರೆದು ಹಂಚುವ ಸಂಪ್ರದಾಯಕ್ಕೆ ಬೀಜ ಬಿದ್ದದ್ದು ಇಲ್ಲಿಯೇ.

ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್ ಎಂಬ ವಿದ್ಯಾರ್ಥಿಯಿದ್ದ. ಪಾಸ್ಕಲ್ ಭಾಷೆಯ ಒಂದು ವ್ಯವಸ್ಥೆಯನ್ನೂ 'ಎಕ್ಸ್' ಎಂಬ ಪಠ್ಯ ಸಂಪಾದಕವನ್ನೂ ಸೇರಿಸಿ 1977-78ರ ಸುಮಾರಿಗೆ ಆತ ಒಂದು ಟೇಪು ಸಿದ್ಧಪಡಿಸಿದ. 'ಬರ್ಕ್ಲಿ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್', ಅಂದರೆ ಬಿಎಸ್‌ಡಿ, ಎಂಬ ಹೆಸರು ಬಂದದ್ದು ಆಗ. ಮುಂದೆ ಬಿಎಸ್‌ಡಿ ಎಂದರೆ ಒಂದು ಪೂರ್ಣ ಕಾರ್ಯಾಚರಣ ವ್ಯವಸ್ಥೆಯೇ ಆಯಿತು. ಆದರೆ ಆ ಮೊದಲ ಟೇಪು ಬರೀ ಸೇರ್ಪಡೆ. ಬೆಲ್ ಪ್ರಯೋಗಾಲಯದ ಯುನಿಕ್ಸ್ ಆಗಲೇ ಇರುವ ಯಂತ್ರಕ್ಕೆ ಹೊರಗಿನಿಂದ ಹಾಕಿಕೊಳ್ಳಬಹುದಾದ ಸಾಮಾನು. ಅಂಥ ಸುಮಾರು ಮೂವತ್ತು ಟೇಪುಗಳನ್ನು ಬಿಲ್ ಜಾಯ್ ತಾನೇ ಅಂಚೆಯಲ್ಲಿ ಕಳುಹಿಸಿದನಂತೆ. ಮೂವತ್ತು! ಅಷ್ಟು ಚಿಕ್ಕ ಸಂಸಾರವಾದ್ದರಿಂದ ಯಾರು ಬರೆದದ್ದು, ನಂಬಬಹುದೇ ಎಂಬ ಪ್ರಶ್ನೆ ಏಳಲೇ ಇಲ್ಲ. ಎಲ್ಲರಿಗೂ ಎಲ್ಲರೂ ಗೊತ್ತು.

ಟೇಪಿನಲ್ಲಿ ಬಂದ ಮೂಲಪಾಠವನ್ನು ಹಾಗೆಯೇ ಓಡಿಸಲಾಗದು. ಕಂಪೈಲರ್ ಎಂಬ ಪ್ರೋಗ್ರಾಮಿನಿಂದ ಅದನ್ನು ಯಂತ್ರಭಾಷೆಗೆ ತಿರುಗಿಸಬೇಕು. ದೊಡ್ಡ ಪ್ರೋಗ್ರಾಮು ಹತ್ತಾರು ಕಡತಗಳಲ್ಲಿ ಹರಡಿಕೊಂಡಿರುತ್ತದೆ. ಒಂದನ್ನು ತಿದ್ದಿ ಅದನ್ನು ಮತ್ತೆ ಕಂಪೈಲ್ ಮಾಡಲು ಮರೆತರೆ ಹಳೆಯ ತಪ್ಪೇ ಮುಂದುವರಿಯುತ್ತದೆ. ಬೆಲ್ ಪ್ರಯೋಗಾಲಯದಲ್ಲಿ ಹೀಗೆ ಒಬ್ಬರು ಆಗಲೇ ಸರಿಪಡಿಸಿದ್ದ ತಪ್ಪನ್ನು ಹುಡುಕುತ್ತ ಇಡೀ ಬೆಳಗ್ಗೆ ಕಳೆದುಕೊಂಡರು. ತಮ್ಮ ಸಹೋದ್ಯೋಗಿ ಸ್ಟೂವರ್ಟ್ ಫೆಲ್ಡ್‌ಮನ್ ಅವರ ಕೋಣೆಗೆ ಬಂದು ಗೋಳು ಹೇಳಿಕೊಂಡರು. ಆ ಗೋಳಿನ ಫಲವಾಗಿ 1976ರಲ್ಲಿ 'ಮೇಕ್' ಎಂಬ ಉಪಕರಣ ಹುಟ್ಟಿತು. ಯಾವ ಕಡತ ಯಾವುದನ್ನು ಅವಲಂಬಿಸಿದೆ ಎಂದು ಒಮ್ಮೆ ಬರೆದಿಟ್ಟರೆ, ಬದಲಾದದ್ದನ್ನು ಮಾತ್ರ ಅದು ಮತ್ತೆ ಕಟ್ಟಿಕೊಡುತ್ತದೆ. ಅದರಲ್ಲಿ ಒಂದು ವಿಚಿತ್ರ ನಿಯಮವಿದೆ: ಆದೇಶದ ಸಾಲು ಟ್ಯಾಬ್ ಅಕ್ಷರದಿಂದಲೇ ಆರಂಭವಾಗಬೇಕು, ಖಾಲಿ ಜಾಗ ಬಿಟ್ಟರೆ ನಡೆಯದು. ಇದು ಸರಿಯಲ್ಲವೆಂದು ಫೆಲ್ಡ್‌ಮನ್ ಅವರಿಗೆ ಬೇಗನೆ ತಿಳಿಯಿತು. ಆದರೆ ಆಗಲೇ ಹತ್ತು ಹನ್ನೆರಡು ಮಂದಿ ಬಳಸುತ್ತಿದ್ದರಂತೆ. ಅವರಿಗೆ ತೊಂದರೆಯಾಗಬಾರದೆಂದು ಹಾಗೆಯೇ ಬಿಟ್ಟರು. ಆ ಹನ್ನೆರಡು ಮಂದಿಯ ಮೇಲಿನ ದಾಕ್ಷಿಣ್ಯಕ್ಕಾಗಿ ಇಂದಿಗೂ ಲಕ್ಷಾಂತರ ಜನ ಟ್ಯಾಬಿಗೂ ಖಾಲಿ ಜಾಗಕ್ಕೂ ವ್ಯತ್ಯಾಸ ಕಾಣದೆ ಕಣ್ಣುಜ್ಜಿಕೊಳ್ಳುತ್ತಾರೆ. ನಾನೂ ಒಂದು ಸಂಜೆ ಹಾಗೆ ಕಳೆದಿದ್ದೇನೆ.

1979-80ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಯೂಸ್‌ನೆಟ್ ಎಂಬ ಜಾಲವನ್ನು ಆರಂಭಿಸಿದರು. ಯುನಿಕ್ಸ್ ಯಂತ್ರಗಳು ರಾತ್ರಿ ಹೊತ್ತು ದೂರವಾಣಿಯ ಮೂಲಕ ಒಂದಕ್ಕೊಂದು ಸಂದೇಶ ದಾಟಿಸುವ ಏರ್ಪಾಡು ಅದು. ಟೇಪಿನ ಜಾಗದಲ್ಲಿ ಈಗ ಸಂದೇಶಗಳೇ ತಂತ್ರಾಂಶವನ್ನು ಹೊತ್ತು ತರತೊಡಗಿದವು. ಕಳುಹಿಸುವ ರೀತಿಯೂ ಸ್ವಾರಸ್ಯಕರ. ಹತ್ತಾರು ಕಡತಗಳನ್ನು ಸಾಲಾಗಿ ಸೇರಿಸಿ, ಅವನ್ನು ಮತ್ತೆ ಬಿಡಿಸಿಕೊಳ್ಳುವ ಆದೇಶಗಳನ್ನೂ ಅದರಲ್ಲೇ ಬರೆದು 'ಶಾರ್' ಎಂಬ ಒಂದೇ ಕಟ್ಟು ಮಾಡುತ್ತಿದ್ದರು. ಪಡೆದವರು ಆ ಸಂದೇಶವನ್ನೇ ಆದೇಶಪಟ್ಟಿಯಂತೆ ಓಡಿಸಬೇಕು. ಅದರ ನಡುವೆ ಯಾರಾದರೂ 'ಇವರ ಕಡತಗಳನ್ನೆಲ್ಲ ಅಳಿಸಿಬಿಡು' ಎಂದು ಒಂದು ಸಾಲು ಬರೆದಿದ್ದರೆ? ಯಂತ್ರ ಅದನ್ನೂ ವಿಧೇಯವಾಗಿ ಮಾಡುತ್ತಿತ್ತು. ಓದಿ ನೋಡಿ ಆಮೇಲೆ ಓಡಿಸಿ ಎಂದು ಬಲ್ಲವರು ಹೇಳುತ್ತಿದ್ದರು. ಎಷ್ಟು ಜನ ಓದುತ್ತಿದ್ದರೋ!

ಅದೇ ಹೊತ್ತಿಗೆ ಕೆನ್ ಥಾಂಪ್ಸನ್, ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸಿದ ಸಂದರ್ಭದ ತಮ್ಮ ಉಪನ್ಯಾಸದಲ್ಲಿ ಒಂದು ಬಾಂಬನ್ನೇ ಇಟ್ಟರು. ಅದು ಅಚ್ಚಾದದ್ದು 1984ರಲ್ಲಿ. ಅವರ ವಾದದ ತಿರುಳು ಇಷ್ಟು: ಮೂಲಪಾಠವನ್ನು ಅಕ್ಷರ ಅಕ್ಷರ ಓದಿದರೂ ಸಾಲದು. ಅದನ್ನು ತಿರುಗಿಸುವ ಕಂಪೈಲರಿನಲ್ಲೇ ಕಳ್ಳಬಾಗಿಲು ಇರಿಸಬಹುದು. ಆ ಕಂಪೈಲರನ್ನು ಮತ್ತೊಮ್ಮೆ ಅದರಿಂದಲೇ ಕಟ್ಟಿದಾಗ ಕಳ್ಳಬಾಗಿಲು ತಾನಾಗಿ ಮರುಹುಟ್ಟು ಪಡೆಯುವಂತೆಯೂ ಮಾಡಬಹುದು. ಆಗ ಮೂಲಪಾಠದಲ್ಲಿ ಅದರ ಸುಳಿವೂ ಇರುವುದಿಲ್ಲ. ತಾನೇ ಬರೆಯದ ಪ್ರೋಗ್ರಾಮನ್ನು ಪೂರ್ತಿಯಾಗಿ ನಂಬಲು ಯಾರಿಗೂ ಸಾಧ್ಯವಿಲ್ಲ; ಕಡೆಗೆ ನಂಬಬೇಕಾದದ್ದು ಬರೆದವರನ್ನು. ಯುನಿಕ್ಸ್ ಕಟ್ಟಿದಾತನೇ ಆಡಿದ ಮಾತು ಇದು. ಕೇಳಿದವರು ತಲೆದೂಗಿದರು, ಮತ್ತೆ ತಮ್ಮ ಕೆಲಸಕ್ಕೆ ಮರಳಿದರು. ಏಕೆಂದರೆ ಅವರ ಮುಂದಿದ್ದ ದಿನನಿತ್ಯದ ತಾಪತ್ರಯವೇ ಬೇರೆಯದಾಗಿತ್ತು.

ಆ ತಾಪತ್ರಯ ಇದು. 1980ರ ದಶಕದಲ್ಲಿ ಯುನಿಕ್ಸ್ ಒಂದಾಗಿ ಉಳಿಯಲಿಲ್ಲ. ಎಟಿ ಅಂಡ್ ಟಿಯವರದು ಒಂದು, ಬರ್ಕ್ಲಿಯದು ಒಂದು, ಯಂತ್ರ ತಯಾರಿಸುವ ಪ್ರತಿ ಕಂಪನಿಯದೂ ಒಂದೊಂದು. ಒಂದರಲ್ಲಿ ಸಲೀಸಾಗಿ ಕಟ್ಟಿಕೊಂಡ ಪ್ರೋಗ್ರಾಮು ಇನ್ನೊಂದರಲ್ಲಿ ಮುಷ್ಕರ ಹೂಡುತ್ತಿತ್ತು. ಇದಕ್ಕೆ ಮೊದಲ ಮದ್ದು ಕೊಟ್ಟವರು ಲ್ಯಾರಿ ವಾಲ್. ಇವರು ಓದಿದ್ದು ಭಾಷಾವಿಜ್ಞಾನ. ಮುಂದೆ ಪರ್ಲ್ ಭಾಷೆಯಿಂದ ಪ್ರಸಿದ್ಧರಾದರು. 1984ರ ಸುಮಾರಿಗೆ ಅವರ ಒಂದು ಪ್ರೋಗ್ರಾಮಿನ ಜೊತೆ 'ಕಾನ್ಫಿಗರ್' ಎಂಬ ಪ್ರಶ್ನೋತ್ತರದ ಕಡತ ಬಂತು. ನಿಮ್ಮ ಯಂತ್ರದಲ್ಲಿ ಇದು ಇದೆಯೇ, ಅದು ಎಲ್ಲಿದೆ ಎಂದು ಕೇಳಿ ತಿಳಿದುಕೊಂಡು ತಕ್ಕಂತೆ ಹೊಂದಿಸಿಕೊಳ್ಳುತ್ತಿತ್ತು. 1985ರಲ್ಲಿ ಅವರೇ 'ಪ್ಯಾಚ್' ಎಂಬುದನ್ನು ಹಂಚಿದರು. ಇಡೀ ಪ್ರೋಗ್ರಾಮನ್ನು ಮತ್ತೆ ಕಳುಹಿಸದೆ, ಬದಲಾದ ಸಾಲುಗಳನ್ನಷ್ಟೇ ಕಳುಹಿಸಿದರೆ ಅದು ಹಳೆಯದಕ್ಕೆ ತೇಪೆ ಹಾಕಿ ಹೊಸದನ್ನಾಗಿಸುತ್ತದೆ. ದೂರವಾಣಿ ದರ ತೆತ್ತು ಸಂದೇಶ ದಾಟಿಸುತ್ತಿದ್ದ ಕಾಲದಲ್ಲಿ ಇದು ಎಷ್ಟು ದೊಡ್ಡ ಉಪಕಾರವೆಂದು ನೀವೇ ಊಹಿಸಿ. ಮುಖ್ಯವಾಗಿ, ಅಪರಿಚಿತನೊಬ್ಬ ಇನ್ನೊಬ್ಬ ಅಪರಿಚಿತನ ಪ್ರೋಗ್ರಾಮನ್ನು ತಿದ್ದಿ ಕಳುಹಿಸುವುದು ಇದರಿಂದ ಸುಲಭವಾಯಿತು.

ಎರಡನೆಯ ಮದ್ದು ಗ್ನೂ ಯೋಜನೆಯಿಂದ ಬಂತು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಈ ಯೋಜನೆಯ ಗುರಿ, ಎಲ್ಲರೂ ಓದಿ ತಿದ್ದಿ ಹಂಚಬಹುದಾದ ಸ್ವತಂತ್ರ ತಂತ್ರಾಂಶದಿಂದಲೇ ಯುನಿಕ್ಸಿನಂಥ ವ್ಯವಸ್ಥೆಯನ್ನು ಕಟ್ಟುವುದು. ಅದರ ಹಲವು ಉಪಕರಣಗಳನ್ನು ನೋಡಿಕೊಳ್ಳುತ್ತಿದ್ದ ಡೇವಿಡ್ ಮೆಕೆಂಜಿ 1991ರ ಬೇಸಿಗೆಯಲ್ಲಿ 'ಆಟೋಕಾನ್ಫ್' ಬರೆಯತೊಡಗಿದರು. ಇದರಿಂದ ತಯಾರಾಗುವ ಕಾನ್ಫಿಗರ್ ಕಡತ ನಿಮ್ಮನ್ನು ಏನೂ ಕೇಳುವುದಿಲ್ಲ. ತಾನೇ ಸಣ್ಣಸಣ್ಣ ಪರೀಕ್ಷೆಗಳನ್ನು ಓಡಿಸಿ ಯಂತ್ರದ ಗುಣಾವಗುಣ ತಿಳಿದುಕೊಳ್ಳುತ್ತದೆ. ಕಾನ್ಫಿಗರ್, ಮೇಕ್, ಮೇಕ್ ಇನ್‌ಸ್ಟಾಲ್ ಎಂಬ ಮೂರು ಆದೇಶಗಳ ಮಂತ್ರ ಇಲ್ಲಿಂದ ಮನೆಮಾತಾಯಿತು. ಒಂದು ಬೆಲೆ ತೆರಬೇಕಾಯಿತು: ಆ ಕಾನ್ಫಿಗರ್ ಕಡತ ಸಾವಿರಾರು ಸಾಲುಗಳಷ್ಟು ಉದ್ದ, ಯಂತ್ರ ಬರೆದದ್ದು, ಮನುಷ್ಯನ ಕಣ್ಣಿಗೆ ಕಬ್ಬಿಣದ ಕಡಲೆ. ಯಾರೂ ಅದನ್ನು ಓದುವ ಗೋಜಿಗೆ ಹೋಗುವುದಿಲ್ಲ. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹೀಗೆ ಹಾಕಿಕೊಂಡ ತಂತ್ರಾಂಶ ವಾಡಿಕೆಯಂತೆ 'ಯುಎಸ್ಆರ್-ಲೋಕಲ್' ಎಂಬ ಕೋಶದಲ್ಲಿ ಹೋಗಿ ಸೇರುತ್ತಿತ್ತು. ಹಾಕುವುದೇನೋ ಸರಿ, ತೆಗೆಯುವುದು? ಒಂದು ಪ್ರೋಗ್ರಾಮಿನಿಂದ ಬಂದ ನಲವತ್ತು ಕಡತಗಳು ಇನ್ನೊಂದರ ಅರವತ್ತರ ಜೊತೆ ಬೆರೆತುಹೋಗಿರುತ್ತವೆ. ಯಾವುದು ಯಾರದೆಂದು ಬರೆದಿಟ್ಟವರಿಲ್ಲ. ನಮ್ಮ ಊರುಗಳಲ್ಲಿ ಮದುವೆಯೆಂದರೆ ನಾಲ್ಕಾರು ಮನೆಗಳಿಂದ ಪಾತ್ರೆ ಪರಟಿ ತರುವ ರೂಢಿಯಿತ್ತು. ಪಾತ್ರೆಗಳ ಮೇಲೆ ಹೆಸರು ಕೆತ್ತಿಸಿರುತ್ತಿದ್ದರು. ಜೊತೆಗೆ ಉಗ್ರಾಣದ ಬಾಗಿಲಲ್ಲಿ ಒಬ್ಬರು ಪುಸ್ತಕ ಹಿಡಿದು ಕುಳಿತು, ಇವರ ಮನೆಯ ಕೊಪ್ಪರಿಗೆ ಎರಡು, ಅವರ ಮನೆಯ ಸೌಟು ಐದು ಎಂದು ಬರೆದುಕೊಳ್ಳುತ್ತಿದ್ದರು. ಆ ಪುಸ್ತಕ ಇಲ್ಲದಿದ್ದರೆ ಮದುವೆ ಮುಗಿದ ಮಾರನೆಯ ದಿನ ಏನಾಗುತ್ತದೆಂದು ಹಿರಿಯರನ್ನು ಕೇಳಿ. ಯುನಿಕ್ಸ್ ಯಂತ್ರಗಳ ಗತಿ ಅದೇ ಆಗಿತ್ತು.

ಆ ಪುಸ್ತಕವೇ ಪ್ಯಾಕೇಜ್ ವ್ಯವಸ್ಥೆ. ಎಟಿ ಅಂಡ್ ಟಿಯ ಸಿಸ್ಟಂ ಫೈವ್ ಸಾಲಿನ ಯುನಿಕ್ಸ್‌ನಲ್ಲಿ 'ಪಿಕೆಜಿ-ಆ್ಯಡ್' ಎಂಬ ಆದೇಶ ಆಗಲೇ ಇತ್ತು. ಆದರೆ ಅದು ಹೆಚ್ಚಾಗಿ ಕಂಪನಿಗಳು ತಮ್ಮ ಸರಕು ಹಾಕಲು ಬಳಸುತ್ತಿದ್ದ ವ್ಯವಸ್ಥೆ. ಊರಿನವರೆಲ್ಲ ತಂದು ಸುರಿಯುವ ಬಿಡಿ ತಂತ್ರಾಂಶಕ್ಕೆ ಪುಸ್ತಕ ಹಿಡಿದು ಕುಳಿತವರು ಮುಂದಿನ ತಲೆಮಾರಿನ ಹುಡುಗರು.

ಬರ್ಕ್ಲಿ ಪರಂಪರೆಯಿಂದ ಬಂದ ಫ್ರೀಬಿಎಸ್‌ಡಿ ಎಂಬ ವ್ಯವಸ್ಥೆ 1993ರಲ್ಲಿ ಹುಟ್ಟಿತು. ಅದರ ಸ್ಥಾಪಕರಲ್ಲಿ ಒಬ್ಬರಾದ ಜೋರ್ಡನ್ ಹಬ್ಬರ್ಡ್ 1994ರ ಆಗಸ್ಟಿನಲ್ಲಿ 'ಪೋರ್ಟ್ಸ್' ಎಂಬ ಸಂಗ್ರಹಕ್ಕೆ ಅಡಿಪಾಯ ಹಾಕಿದರು. ಪೋರ್ಟ್ ಎಂದರೆ ಇಲ್ಲಿ ಹಡಗು ನಿಲ್ಲುವ ಬಂದರು ಅಲ್ಲ. ಒಂದು ವ್ಯವಸ್ಥೆಗೆಂದು ಬರೆದದ್ದನ್ನು ಇನ್ನೊಂದಕ್ಕೆ ಒಗ್ಗಿಸುವ ಕೆಲಸ. ಈ ಸಂಗ್ರಹದಲ್ಲಿ ತಂತ್ರಾಂಶವೇ ಇರುವುದಿಲ್ಲ ಎಂಬುದು ಮೊದಲು ಕೇಳಿದಾಗ ಆಶ್ಚರ್ಯವೆನಿಸುತ್ತದೆ. ಒಂದೊಂದು ತಂತ್ರಾಂಶಕ್ಕೂ ಒಂದು ಪುಟ್ಟ ಕೋಶ. ಮೂಲಪಾಠ ಎಲ್ಲಿ ಸಿಗುತ್ತದೆ, ಅದಕ್ಕೆ ಮೊದಲು ಬೇರೆ ಏನೇನು ಇರಬೇಕು, ಫ್ರೀಬಿಎಸ್‌ಡಿಗೆ ಒಗ್ಗಿಸಲು ಯಾವ ತೇಪೆಗಳನ್ನು ಹಾಕಬೇಕು, ಕಡೆಗೆ ಯಾವ ಯಾವ ಕಡತಗಳು ಎಲ್ಲಿ ಕೂರುತ್ತವೆ ಎಂಬ ವಿವರ ಅದರಲ್ಲಿರುತ್ತದೆ. ಕೋಶದೊಳಗೆ ನಿಂತು 'ಮೇಕ್ ಇನ್‌ಸ್ಟಾಲ್' ಎಂದರೆ ಉಳಿದುದೆಲ್ಲ ತಾನಾಗಿ ನಡೆಯುತ್ತದೆ: ತರುವುದು, ಬಿಚ್ಚುವುದು, ತೇಪೆ ಹಾಕುವುದು, ಕಟ್ಟುವುದು, ಪುಸ್ತಕದಲ್ಲಿ ಬರೆದುಕೊಳ್ಳುವುದು. ಫೆಲ್ಡ್‌ಮನ್ ಅವರ ಮೇಕ್, ಲ್ಯಾರಿ ವಾಲ್ ಅವರ ಪ್ಯಾಚ್ ಎರಡೂ ಇಲ್ಲಿ ಒಟ್ಟಿಗೆ ದುಡಿಯುವುದನ್ನು ನೋಡಿ.

ಆ ಕೋಶದಲ್ಲಿ ಇನ್ನೊಂದು ಚಿಕ್ಕ ಕಡತವಿದೆ. ಪೋರ್ಟ್ ಸಿದ್ಧಪಡಿಸಿದವರು ಮೂಲಪಾಠವನ್ನು ಮೊದಲು ಪಡೆದಾಗ, ಅದರ ಅಷ್ಟೂ ಅಕ್ಷರಗಳಿಂದ ಲೆಕ್ಕಹಾಕಿದ ಒಂದು ಸಂಖ್ಯೆಯನ್ನು ಅದರಲ್ಲಿ ಬರೆದಿಡುತ್ತಾರೆ. ಇದಕ್ಕೆ ಚೆಕ್‌ಸಮ್ ಎಂದು ಹೆಸರು. ನೀವು ತಂದ ಪ್ರತಿಯ ಸಂಖ್ಯೆ ಅದಕ್ಕೆ ತಾಳೆಯಾಗದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. 2002ರ ಆಗಸ್ಟ್ ಮೊದಲ ದಿನ ಇದು ನಿಜಕ್ಕೂ ಉಪಯೋಗಕ್ಕೆ ಬಂತು. ದೂರದ ಯಂತ್ರಕ್ಕೆ ಗುಟ್ಟಾಗಿ ಪ್ರವೇಶಿಸಲು ಬಳಸುವ ಓಪನ್‌ಎಸ್‌ಎಸ್‌ಎಚ್ ಎಂಬ ತಂತ್ರಾಂಶದ ಅಧಿಕೃತ ಭಂಡಾರಕ್ಕೇ ಯಾರೋ ನುಗ್ಗಿ, ಮೂಲಪಾಠದಲ್ಲಿ ಕಳ್ಳಬಾಗಿಲು ಸೇರಿಸಿದ್ದರು. ಫ್ರೀಬಿಎಸ್‌ಡಿ ಬಳಸುತ್ತಿದ್ದ ಒಬ್ಬರು ಪೋರ್ಟ್ಸ್ ಮೂಲಕ ಅದನ್ನು ಕಟ್ಟಲು ಹೋದಾಗ ಸಂಖ್ಯೆ ತಾಳೆಯಾಗಲಿಲ್ಲ. ಅವರು ಅದನ್ನು ಅಲಕ್ಷಿಸದೆ ಏಕೆ ಹೀಗೆ ಎಂದು ಕೇಳಿದರು. ಒಂದೆರಡು ದಿನಗಳಲ್ಲೇ ಕಳ್ಳ ಪ್ರತಿ ಭಂಡಾರದಿಂದ ಹೊರಬಿತ್ತು.

ಅತ್ತ ಲಿನಕ್ಸ್ ಪಾಳೆಯದಲ್ಲಿ, 1993ರ ಆಗಸ್ಟ್ 16ರಂದು ಪರ್ಡ್ಯೂ ವಿಶ್ವವಿದ್ಯಾಲಯದ ಇಪ್ಪತ್ತು ವರ್ಷದ ವಿದ್ಯಾರ್ಥಿ ಇಯಾನ್ ಮರ್ಡಾಕ್ ಡೆಬಿಯನ್ ಯೋಜನೆಯನ್ನು ಪ್ರಕಟಿಸಿದ. ಗೆಳತಿ ಡೆಬ್ರಾಳ ಹೆಸರಿನ ಅರ್ಧವನ್ನೂ ತನ್ನ ಹೆಸರನ್ನೂ ಕೂಡಿಸಿ ಇಟ್ಟ ಹೆಸರು ಅದು. ಪ್ರತಿ ಪ್ಯಾಕೇಜಿಗೂ ಒಬ್ಬ ಹೊಣೆಗಾರ ಇರಬೇಕು, ಅವರು ಸಂಬಳಕ್ಕಲ್ಲದೆ ಸ್ವಂತ ಇಚ್ಛೆಯಿಂದ ಅದನ್ನು ನೋಡಿಕೊಳ್ಳಬೇಕು ಎಂಬ ರೂಢಿ ಅಲ್ಲಿ ಬೆಳೆಯಿತು. ಪುಸ್ತಕ ಹಿಡಿಯುವ ಕೆಲಸಕ್ಕೆ 'ಡಿಪಿಕೆಜಿ' ಬಂತು. ಇಯಾನ್ ಜಾಕ್ಸನ್ 1994ರಲ್ಲಿ ಅದನ್ನು ಸಿ ಭಾಷೆಯಲ್ಲಿ ಹೊಸದಾಗಿ ಬರೆದರು. ಅದು ಇಡುವ ಪುಸ್ತಕ ಯಾವ ಗೂಢಲಿಪಿಯೂ ಅಲ್ಲ, ಯಾರು ಬೇಕಾದರೂ ತೆರೆದು ಓದಬಹುದಾದ ಸಾದಾ ಪಠ್ಯ. 1996ರ ಜೂನಿನ ಆವೃತ್ತಿಯಲ್ಲಿ 474 ಪ್ಯಾಕೇಜುಗಳಿದ್ದವು. 2023ರ ಆವೃತ್ತಿಯಲ್ಲಿ 64 ಸಾವಿರಕ್ಕೂ ಹೆಚ್ಚು. ರೆಡ್ ಹ್ಯಾಟ್ ಕಂಪನಿಯೂ 1995ರ ಹೊತ್ತಿಗೆ ಆರ್‌ಪಿಎಂ ಎಂಬ ತನ್ನದೇ ಪ್ಯಾಕೇಜ್ ವಿಧಾನವನ್ನು ರೂಢಿಗೆ ತಂದಿತು.

ಪುಸ್ತಕ ಬಂದ ಮೇಲೆ ಹೊಸ ಸಂಕಟವೊಂದು ಹುಟ್ಟಿತು. ಒಂದು ಪ್ಯಾಕೇಜ್ ಹಾಕಹೋದರೆ, ಮೊದಲು ಇಂಥ ಲೈಬ್ರರಿ ಬೇಕು ಎಂದು ವ್ಯವಸ್ಥೆ ತಡೆಯುತ್ತಿತ್ತು. ಅದನ್ನು ಹುಡುಕಿ ತಂದರೆ ಅದಕ್ಕೆ ಇನ್ನೆರಡು ಬೇಕು. ಅವುಗಳಲ್ಲಿ ಒಂದು ಈಗಾಗಲೇ ಇದೆ, ಆದರೆ ಹಳೆಯದು. ಹೊಸದನ್ನು ಹಾಕಿದರೆ ಬೇರೆ ಯಾವುದೋ ಮುರಿಯುತ್ತದೆ. ನಮ್ಮ ನಾಡಿನಲ್ಲಿ ಈ ಕಷ್ಟ ಎರಡು ಪಟ್ಟು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಸೆಕೆಂಡಿಗೆ 9,600 ಬಿಟ್ ವೇಗದ ಮೋಡೆಮಿನಲ್ಲಿ ಒಂದು ಮೆಗಾಬೈಟ್ ಇಳಿಸಿಕೊಳ್ಳಲು ಕಾಲು ಗಂಟೆ ಬೇಕು, ಅದೂ ನಡುವೆ ಸಂಪರ್ಕ ತಪ್ಪದಿದ್ದರೆ. ಹಾಗಾಗಿ ಬೆಂಗಳೂರಿನಲ್ಲಾಗಲಿ ಧಾರವಾಡದಲ್ಲಾಗಲಿ ಲಿನಕ್ಸ್ ಕಲಿತ ಆ ತಲೆಮಾರಿನವರ ಪಾಲಿಗೆ ಪಿಸಿಕ್ವೆಸ್ಟ್‌ನಂಥ ಪತ್ರಿಕೆಗಳ ಜೊತೆ ಬರುತ್ತಿದ್ದ ಸಿಡಿಯೇ ದೊಡ್ಡ ಆಸರೆ. ಸಿಡಿಯಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಗೆಳೆಯರ ಬಳಿ ಬೇರೆ ತಿಂಗಳ ಸಿಡಿ ಇದೆಯೇ ಎಂದು ಬಸ್ಸು ಹತ್ತಿ ಹೋಗುವುದೂ ಆಗ ತಂತ್ರಾಂಶ ಅಳವಡಿಸುವ ಒಂದು ಹಂತವೇ ಆಗಿತ್ತು!

ಈ ಸರಪಳಿಯನ್ನು ಯಂತ್ರವೇ ಬಿಡಿಸಿಕೊಳ್ಳುವಂತೆ ಮಾಡಿದ್ದು ಡೆಬಿಯನ್ನಿನ 'ಆಪ್ಟ್'. 1999ರ ಮಾರ್ಚ್ ತಿಂಗಳ ಆವೃತ್ತಿಯೊಡನೆ ಅದು ಎಲ್ಲರ ಕೈಗೂ ಬಂತು. ಕೇಳಿದ್ದಕ್ಕೆ ಏನೇನು ಬೇಕು, ಅವಕ್ಕೆ ಮತ್ತೇನು ಬೇಕು ಎಂದು ತಾನೇ ಲೆಕ್ಕಹಾಕಿ, ಎಲ್ಲವನ್ನೂ ತಂದು, ಸರಿಯಾದ ಕ್ರಮದಲ್ಲಿ ಹಾಕುತ್ತದೆ. ಆರ್‌ಪಿಎಂ ಬಳಗಕ್ಕೆ ಇಂಥದೇ ಅನುಕೂಲವನ್ನು 'ಯಮ್' ಮೂಲಕ ಒದಗಿಸಿದವರು ಡ್ಯೂಕ್ ವಿಶ್ವವಿದ್ಯಾಲಯದ ಸೇಥ್ ವೈಡಲ್. ನಮ್ಮ ಮೊದಲ ಪ್ರಶ್ನೆ, ಲೆಕ್ಕದ ಪ್ರಶ್ನೆ, ಇಲ್ಲಿಗೆ ಬಹುಮಟ್ಟಿಗೆ ಮುಗಿಯಿತು.

ಎರಡನೆಯದು ಉಳಿಯಿತು. ಬಳಕೆದಾರ ಈಗ ಸಾವಿರಾರು ಲೇಖಕರನ್ನು ಬಿಡಿಬಿಡಿಯಾಗಿ ನಂಬಬೇಕಿಲ್ಲ, ಡೆಬಿಯನ್ನಿನ ಹೊಣೆಗಾರರನ್ನು ನಂಬಿದರೆ ಸಾಕು. 2007ರ ಆವೃತ್ತಿಯಿಂದ ಪ್ಯಾಕೇಜುಗಳ ಪಟ್ಟಿಗೆ ಗಣಿತದ ಸಹಿಯ ಮೊಹರೂ ಬಿತ್ತು. ದಾರಿಯಲ್ಲಿ ಯಾರಾದರೂ ಬದಲಿಸಿದರೆ ಆಪ್ಟ್ ಗುರುತು ಹಿಡಿಯುತ್ತದೆ. ಆದರೆ ಹೊಣೆಗಾರರೇ ಎಡವಿದರೆ? 2006ರಲ್ಲಿ ಅದೇ ಆಯಿತು. ಗೂಢಲಿಪಿಯ ಕೆಲಸ ಮಾಡುವ ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿಯನ್ನು ಪರೀಕ್ಷಿಸುವಾಗ ಎರಡು ಸಾಲುಗಳ ಬಗ್ಗೆ ಎಚ್ಚರಿಕೆ ಬರುತ್ತಿತ್ತು. ಡೆಬಿಯನ್ ಪ್ಯಾಕೇಜಿನ ಹೊಣೆಗಾರರು ಮೂಲ ಲೇಖಕರ ಬಳಗದಲ್ಲಿ ವಿಚಾರಿಸಿದರು, ಯಾರೂ ಬೇಡವೆನ್ನಲಿಲ್ಲ, ಆ ಸಾಲುಗಳನ್ನು ನಿಷ್ಕ್ರಿಯಗೊಳಿಸಿದರು. ಗುಪ್ತಕೀಲಿಗಳನ್ನು ಊಹೆಗೆ ನಿಲುಕದಂತೆ ಮಾಡುತ್ತಿದ್ದ ಯಾದೃಚ್ಛಿಕತೆಯ ಬಹುಭಾಗ ಅದರೊಡನೆ ಹೊರಟುಹೋಯಿತು. ಒಂದು ಬಗೆಯ ಯಂತ್ರದಲ್ಲಿ ಒಂದು ಅಳತೆಯ ಕೀಲಿ ಎಂದರೆ 32,767 ಸಾಧ್ಯತೆಗಳಷ್ಟೇ ಉಳಿದವು. ಅಷ್ಟನ್ನೂ ಒಂದೊಂದಾಗಿ ಪ್ರಯತ್ನಿಸುವುದು ಗಣಕಕ್ಕೆ ದೊಡ್ಡ ಕೆಲಸವಲ್ಲ. ಇದು ಬೆಳಕಿಗೆ ಬಂದದ್ದು 2008ರ ಮೇ 13ರಂದು. ಜಗತ್ತಿನಾದ್ಯಂತ ಡೆಬಿಯನ್, ಉಬುಂಟು ಯಂತ್ರಗಳಲ್ಲಿ ಅಷ್ಟರಲ್ಲಿ ಮಾಡಿದ್ದ ಕೀಲಿಗಳನ್ನೆಲ್ಲ ಎಸೆದು ಹೊಸದಾಗಿ ಮಾಡಬೇಕಾಯಿತು. ಇದರಲ್ಲಿ ದ್ರೋಹವೇನೂ ಇರಲಿಲ್ಲ. ಸದುದ್ದೇಶದಿಂದ ಆದ ತಪ್ಪು. ಅದೇ ಹೆಚ್ಚು ಕಳವಳ ತರುವಂಥದು ಎಂದು ನನಗೆ ಅನಿಸುತ್ತದೆ.

ದ್ರೋಹವೂ ನಡೆಯಿತು. ಕಡತಗಳನ್ನು ಒತ್ತಿ ಚಿಕ್ಕದಾಗಿಸುವ 'ಎಕ್ಸ್‌ಜೆಡ್' ಎಂಬ ತಂತ್ರಾಂಶವನ್ನು ಲಾಸ್ಸೆ ಕೊಲಿನ್ ಎಂಬವರು ಹಲವು ವರ್ಷಗಳಿಂದ ಬಹುಮಟ್ಟಿಗೆ ಒಬ್ಬರೇ, ಸಂಬಳವಿಲ್ಲದೆ ನೋಡಿಕೊಂಡು ಬಂದಿದ್ದರು. ಜಗತ್ತಿನ ಹೆಚ್ಚುಕಡಿಮೆ ಪ್ರತಿ ಲಿನಕ್ಸ್ ಯಂತ್ರದಲ್ಲೂ ಅದಿದೆ. 2021ರಲ್ಲಿ 'ಜಿಯಾ ಟಾನ್' ಎಂಬ ಹೆಸರಿನಿಂದ ಒಬ್ಬರು ತಿದ್ದುಪಡಿಗಳನ್ನು ಕಳುಹಿಸತೊಡಗಿದರು. 2022ರಲ್ಲಿ ಬೇರೆ ಕೆಲವು ಹೆಸರುಗಳಿಂದ, ಕೆಲಸ ನಿಧಾನವಾಗುತ್ತಿದೆ, ಇನ್ನೊಬ್ಬರಿಗೆ ಹೊಣೆ ವಹಿಸಿ ಎಂಬ ಒತ್ತಾಯ ಬಂತು. ಕೊಲಿನ್ ತಮ್ಮ ಆರೋಗ್ಯ ಸರಿಯಿಲ್ಲವೆಂದೂ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸವೆಂದೂ ಉತ್ತರಿಸಿದ್ದರು. ಕಡೆಗೆ ದಣಿದವರಿಗೆ ಕೈನೀಡಿದ ಜಿಯಾ ಟಾನ್‌ಗೆ ಅಧಿಕಾರ ದೊರೆಯಿತು. 2024ರ ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ 5.6.0 ಮತ್ತು 5.6.1 ಎಂಬ ಆವೃತ್ತಿಗಳು ಹೊರಬಂದವು. ಅವುಗಳಲ್ಲಿ ಕಳ್ಳಬಾಗಿಲಿತ್ತು.

ಅದನ್ನು ಬಚ್ಚಿಟ್ಟ ಜಾಗ ಯಾವುದು ಗೊತ್ತೇ? ವಿಷದ ಭಾಗ ಪರೀಕ್ಷೆಗೆಂದು ಇಟ್ಟ ಕಡತಗಳಲ್ಲಿ ಮಲಗಿತ್ತು. ಅದನ್ನು ಎಬ್ಬಿಸುವ ಸಾಲುಗಳು ಕಾನ್ಫಿಗರ್ ತಯಾರಿಸುವ ಕಡತಗಳಲ್ಲಿದ್ದವು, ಯಾರೂ ಓದುವುದಿಲ್ಲವೆಂದು ಆಗ ಹೇಳಿದೆನಲ್ಲ, ಅಲ್ಲಿಯೇ. ಅದೂ ಎಲ್ಲರೂ ನೋಡುವ ಮೂಲಪಾಠದ ಭಂಡಾರದಲ್ಲಿ ಅಲ್ಲ, ಬಿಡುಗಡೆಗೆ ಕಟ್ಟಿದ ಟಾರ್ ಕಟ್ಟಿನಲ್ಲಿ ಮಾತ್ರ. ಡೆಬಿಯನ್ ಅಥವಾ ಆರ್‌ಪಿಎಂ ಪ್ಯಾಕೇಜನ್ನು ಕಟ್ಟುತ್ತಿದ್ದರಷ್ಟೇ ಅದು ಎಚ್ಚರಗೊಳ್ಳುತ್ತಿತ್ತು. ಗುರಿ ಓಪನ್‌ಎಸ್‌ಎಸ್‌ಎಚ್. ಓಪನ್‌ಎಸ್‌ಎಸ್‌ಎಚ್‌ಗೆ ಎಕ್ಸ್‌ಜೆಡ್ ಬೇಕಾಗಿಯೇ ಇಲ್ಲ. ಆದರೆ ಕೆಲವು ಲಿನಕ್ಸ್ ವಿತರಣೆಗಳು ತಮ್ಮ ಅನುಕೂಲಕ್ಕೆಂದು ಹಾಕಿದ ತೇಪೆಯಿಂದ ಅದು ಸಿಸ್ಟಂಡಿ ಎಂಬ ಲೈಬ್ರರಿಯನ್ನು ಅವಲಂಬಿಸಿತ್ತು, ಆ ಲೈಬ್ರರಿ ಎಕ್ಸ್‌ಜೆಡನ್ನು ಅವಲಂಬಿಸಿತ್ತು. ಆಪ್ಟ್ ನಮಗಾಗಿ ಮೌನವಾಗಿ ಬಿಡಿಸಿಕೊಡುವ ಅದೇ ಸರಪಳಿಯನ್ನು ಹಿಡಿದು ಕಳ್ಳ ಒಳಗೆ ಬಂದಿದ್ದ.

ಹಿಡಿದದ್ದು ಯಾವ ಮೊಹರೂ ಅಲ್ಲ, ಚೆಕ್‌ಸಮ್ಮೂ ಅಲ್ಲ. ಎಲ್ಲ ಸಹಿಗಳೂ ಸರಿಯಾಗಿಯೇ ಇದ್ದವು. ಆಂಡ್ರೆಸ್ ಫ್ರಾಯ್ಂಡ್ ಎಂಬ ತಂತ್ರಜ್ಞರು ಡೆಬಿಯನ್ನಿನ ಪ್ರಾಯೋಗಿಕ ಆವೃತ್ತಿಯಲ್ಲಿ ಬೇರೆ ಏನನ್ನೋ ಅಳೆಯುತ್ತಿದ್ದರು. ದೂರದಿಂದ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿರುವುದು ಅವರ ಗಮನಕ್ಕೆ ಬಂತು. ಅರ್ಧ ಸೆಕೆಂಡು! ಬೇರೆಯವರಾಗಿದ್ದರೆ ಸುಮ್ಮನಿರುತ್ತಿದ್ದರು. ಇವರು ಬೆನ್ನು ಹತ್ತಿದರು. 2024ರ ಮಾರ್ಚ್ 29ರಂದು ಎಲ್ಲವನ್ನೂ ಬಹಿರಂಗಪಡಿಸಿದರು. ಸಾಮಾನ್ಯ ಬಳಕೆಯ ಸ್ಥಿರ ಆವೃತ್ತಿಗಳಿಗೆ ಅದು ಇನ್ನೂ ತಲುಪಿರಲಿಲ್ಲ. ಜಿಯಾ ಟಾನ್ ಯಾರೆಂದು ಲೋಕಕ್ಕೆ ತಿಳಿಯಲಿಲ್ಲ.

ಕೊಲಿನ್ ಮತ್ತೆ ಕೆಲಸಕ್ಕೆ ಕುಳಿತರು. ಸೇರಿಸಿದ್ದನ್ನೆಲ್ಲ ಶೋಧಿಸಿ, ಕಳ್ಳಬಾಗಿಲನ್ನು ಕಿತ್ತುಹಾಕಿ, 2024ರ ಮೇ 29ರಂದು 5.6.2 ಆವೃತ್ತಿಯನ್ನು ಹೊರತಂದರು. ನಿಮ್ಮ ಪ್ರಯೋಗಾಲಯದ ಯಂತ್ರದಲ್ಲಿ 'ಎಕ್ಸ್‌ಜೆಡ್' ಎಂದು ಬರೆದು, ಎರಡು ಅಡ್ಡಗೆರೆ ಹಾಕಿ 'ವರ್ಷನ್' ಎಂದು ಕೇಳಿದರೆ ಅಲ್ಲಿರುವ ಆವೃತ್ತಿಯ ಸಂಖ್ಯೆಯನ್ನು ಅದು ಹೇಳುತ್ತದೆ. ಹಾಗೆಯೇ 'ಆಪ್ಟ್ ಶೋ' ಎಂಬ ಆದೇಶದ ಮುಂದೆ ಯಾವುದೇ ಪ್ಯಾಕೇಜಿನ ಹೆಸರು ಬರೆದು ನೋಡಿ. ಬರುವ ಸಾಲುಗಳಲ್ಲಿ 'ಮೇಂಟೈನರ್' ಎಂಬುದೊಂದಿರುತ್ತದೆ. ಅದರ ಎದುರಿಗೆ ಹೊಣೆಗಾರರ ಹೆಸರಿದೆ.